ಕವಚವಿಲ್ಲದ ಹಾರ್ಡ್‌ಡಿಸ್ಕ್‌ಗಳನ್ನು ನೆಚ್ಚಿಕೊಂಡ ಸ್ಟುಡಿಯೋಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಫೋಟೋ ಸ್ಟುಡಿಯೋಗಳ ಮಾಲೀಕರಿಗೆ, ಮದುವೆ ಮುಂತಾದ ಸಮಾರಂಭಗಳ ವಿಡಿಯೋಗ್ರಾಫರ್‌ಗಳಿಗೆ ಮತ್ತು ಎಡಿಟರ್‌ಗಳಿಗೆ,

ಮಾನ್ಯರೇ,

ಊರೂರಿನ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ನೆಗೆಟಿವ್ ಲಕೋಟೆಗಳೂ ಆಮೇಲೆ ಮಿನಿ ಡಿವಿ ಕ್ಯಾಸೆಟ್‌ಗಳೂ ಡಿವಿಡಿಗಳೂ ಇರುತ್ತಿದ್ದ ಕಪಾಟುಗಳಲ್ಲಿ ಈಗ ಹಾರ್ಡ್‌ಡಿಸ್ಕ್‌ಗಳು ಸಾಲುಗಟ್ಟಿ ಕುಳಿತಿವೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೋ ತೆಗೆಯುವ ಕ್ಯಾಮೆರಾ ಗಂಟೆಗೆ 45 ಜಿಬಿ ಬರೆಯುತ್ತದೆ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮರುದಿನದ ಧಾರೆ, ಊಟದವರೆಗೆ ಎರಡು ಮೂರು ಕ್ಯಾಮೆರಾಗಳು ಸೇರಿ ಹತ್ತು ಗಂಟೆಯ ದೃಶ್ಯ ಹಿಡಿದರೆ ಫೋಟೋಗಳನ್ನು ಬಿಟ್ಟೇ 450 ಜಿಬಿ ಆಗುವುದರಿಂದ, 4 ಟಿಬಿಯ ಒಂದು ಡಿಸ್ಕ್ ಎಂಟು ಮದುವೆಗಳಿಗೆ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ಹೀಗೆ ಮುಹೂರ್ತಗಳ ಲೆಕ್ಕದಲ್ಲಿ ಡಿಸ್ಕ್ ಕೊಳ್ಳಬೇಕಾದ ಉದ್ಯಮವು ಪ್ರತಿ ಡಿಸ್ಕಿಗೂ ಒಂದೊಂದು ಪ್ಲಾಸ್ಟಿಕ್ ಕವಚ, ಒಂದೊಂದು ಅಡಾಪ್ಟರ್, ಒಂದೊಂದು ಕೇಬಲ್ ಏಕೆ ಎಂದು ಕೇಳಿಕೊಂಡು, ಕಂಪ್ಯೂಟರಿನ ಒಳಗೆ ಕೂರುವ ಬರಿಯ ಡಿಸ್ಕ್‌ಗಳನ್ನೇ ಕೊಂಡು ಡಾಕ್‌ನಲ್ಲಿ ಹಾಕಿ ತೆಗೆದು ಮಾಡುವ ಪದ್ಧತಿಗೆ ಬಂದಿರುವುದು ಸಹಜವಾಗಿದೆ. ಈ ಪದ್ಧತಿ ಸರಿಯಾದದ್ದೆಂಬುದು ಈ ಪತ್ರದ ನಿಲುವು. ಆದರೆ ಇದು ನಡೆಯುತ್ತಿರುವ ರೀತಿ ಸರಿಯಿಲ್ಲವೆಂಬುದೂ ಇದರದೇ ನಿಲುವು.

ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ಅಂಗಡಿಯವರು ಇಂಟರ್ನಲ್ ಹಾರ್ಡ್‌ಡಿಸ್ಕ್ ಎಂದು ಮಾರುವ, ಮೂರೂವರೆ ಅಂಗುಲದ ವರ್ಗಕ್ಕೆ ಸೇರಿದ ಲೋಹದ ಪೆಟ್ಟಿಗೆಯನ್ನು ಯಾವ ಹೊರಹೊದಿಕೆಯೂ ಇಲ್ಲದೆ ಬಳಸಿದಾಗ ಅದು ಕವಚವಿಲ್ಲದ ಡಿಸ್ಕ್ ಎನಿಸುತ್ತದೆ. ಅದರ ಹಿಂಬದಿಯಲ್ಲಿ ದತ್ತಾಂಶಕ್ಕೆ 7 ಮತ್ತು ವಿದ್ಯುತ್ತಿಗೆ 15 ಸಂಪರ್ಕಬಿಂದುಗಳಿರುವ ಸಾಟಾ ಎಂಬ ಕನೆಕ್ಟರ್ ಇರುತ್ತದೆ. ಡಾಕ್ ಎಂದರೆ ಈ ಡಿಸ್ಕನ್ನು ನೆಟ್ಟಗೆ ನಿಲ್ಲಿಸಿಕೊಂಡು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸುವ, ಮೇಜಿನ ಮೇಲಿಡುವ ಸಾಧನ. ಮೊಬೈಲ್ ರ್ಯಾಕ್ ಅಥವಾ ಹಾಟ್‌ಸ್ವಾಪ್ ಬೇ ಎಂದು ಕರೆಸಿಕೊಳ್ಳುವ ಇನ್ನೊಂದು ಸಾಧನವು ಕ್ಯಾಬಿನೆಟ್‌ನಲ್ಲಿ ಹಿಂದೆ ಡಿವಿಡಿ ಡ್ರೈವ್ ಕೂರುತ್ತಿದ್ದ ಜಾಗದಲ್ಲಿ ಕುಳಿತು, ಮುಂಭಾಗದ ಬಾಗಿಲಿನಿಂದ ಡಿಸ್ಕನ್ನು ಒಳಕ್ಕೆ ತಳ್ಳಿ ಹೊರಕ್ಕೆ ಎಳೆಯಲು ಅವಕಾಶ ಕೊಡುತ್ತದೆ ಮತ್ತು ನಡುವೆ ಯುಎಸ್‌ಬಿಯ ಭಾಷಾಂತರವಿಲ್ಲದೆ ಮದರ್‌ಬೋರ್ಡಿನ ಸಾಟಾಕ್ಕೇ ನೇರವಾಗಿ ಸೇರಿಸುತ್ತದೆ.

ಕವಚದೊಳಗಿನ ಎಕ್ಸ್‌ಟರ್ನಲ್ ಡಿಸ್ಕಿಗಿಂತ ಬರಿಯ ಡಿಸ್ಕ್ ಮೇಲೆನ್ನಲು ಬೆಲೆಯೇ ಕಾರಣವಲ್ಲ, ಏಕೆಂದರೆ ಕವಚ ಸಹಿತವಾದದ್ದೇ ಅಗ್ಗವಾಗಿ ಸಿಗುವ ದಿನಗಳೂ ಇವೆ. ನಿಜವಾದ ಕಾರಣ ದುರಸ್ತಿಗೆ ಸಂಬಂಧಿಸಿದ್ದು. ಕವಚದ ಒಳಗೆ ಸಾಟಾವನ್ನು ಯುಎಸ್‌ಬಿಗೆ ಬದಲಿಸುವ ಬ್ರಿಡ್ಜ್ ಎಂಬ ಸಣ್ಣ ಬೋರ್ಡ್ ಇರುತ್ತದೆ. ಡಿಸ್ಕ್ ಚೆನ್ನಾಗಿದ್ದರೂ ಆ ಬೋರ್ಡ್ ಸುಟ್ಟರೆ ಅಥವಾ ಕೇಬಲ್ ಸಿಕ್ಕಿಸುವ ಕಿಂಡಿ ಸಡಿಲವಾದರೆ ಎಲ್ಲವೂ ಹೋದಂತೆ ತೋರುತ್ತದೆ. ಕೆಲವು ಮಾದರಿಗಳಲ್ಲಿ ಆ ಬೋರ್ಡೇ ದತ್ತಾಂಶವನ್ನು ಗೂಢಲಿಪಿಯಲ್ಲಿ ಬರೆಯುವುದರಿಂದ, ಕವಚ ಒಡೆದು ಡಿಸ್ಕನ್ನು ಬೇರೆ ಡಾಕ್‌ಗೆ ಹಾಕಿದರೆ ಅರ್ಥವಿಲ್ಲದ ಬೈಟ್‌ಗಳು ಮಾತ್ರ ಕಾಣುತ್ತವೆ. ಜೇಬಿಗೆ ಹಿಡಿಸುವ ಎರಡೂವರೆ ಅಂಗುಲದ ಡಿಸ್ಕ್‌ಗಳಲ್ಲಿ ಹಲವಕ್ಕೆ ಈಗ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಯುಎಸ್‌ಬಿ ಕಿಂಡಿಯನ್ನೇ ಡಿಸ್ಕಿನ ಬೋರ್ಡಿಗೆ ಬೆಸೆದಿರುತ್ತಾರೆ. ಬರಿಯ ಡಿಸ್ಕಿನಲ್ಲಿ ಇಂಥ ಮಧ್ಯವರ್ತಿಯಿಲ್ಲ: ಡಾಕ್ ಕೆಟ್ಟರೆ ಸಾಮಾನ್ಯವಾಗಿ ಇನ್ನೊಂದು ಡಾಕ್ ತಂದು ಕೆಲಸ ಮುಂದುವರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಯೇ ತರಬೇಕೆಂದಿಲ್ಲ, ಜಿಲ್ಲಾ ಕೇಂದ್ರದ ಕಂಪ್ಯೂಟರ್ ಅಂಗಡಿಗಳಲ್ಲೂ ಅದು ಸಿಗಬಹುದು.

ಇಷ್ಟು ಒಳ್ಳೆಯ ಪದ್ಧತಿಯನ್ನು ಸ್ಟುಡಿಯೋಗಳು ಎಲ್ಲಿ ಕೆಡಿಸಿಕೊಂಡಿವೆಯೆಂದರೆ, ಡಾಕ್ ಬಂದ ಮೇಲೆ ಡಿಸ್ಕಿನ ಸಂಖ್ಯೆ ಹೆಚ್ಚಾಯಿತೇ ಹೊರತು ಪ್ರತಿಗಳ ಸಂಖ್ಯೆ ಹೆಚ್ಚಲಿಲ್ಲ. ಕಪಾಟಿನಲ್ಲಿ ಇಪ್ಪತ್ತು ಡಿಸ್ಕ್‌ಗಳಿದ್ದು ಒಂದೊಂದರಲ್ಲೂ ಬೇರೆ ಬೇರೆ ಮದುವೆಗಳಿದ್ದರೆ ಅದು ಸಂಗ್ರಹವಲ್ಲ, ಇಪ್ಪತ್ತು ಕಡೆ ಹರಡಿದ ಅಪಾಯ. ಹತ್ತು ಡಿಸ್ಕ್‌ಗಳು ಮತ್ತು ಅವುಗಳ ಹತ್ತು ಜೋಡಿಗಳು ಇದ್ದಾಗ ಮಾತ್ರ ಅದನ್ನು ಸಂಗ್ರಹವೆನ್ನಬಹುದು. ಡಾಕ್ ಎಂಬುದು ಈ ಜೋಡಿಗಳನ್ನು ಮಾಡಲೆಂದೇ ಇರುವ ಕೆಲಸದ ಮೇಜು. ಡಿಸ್ಕ್ ತಿಂಗಳುಗಟ್ಟಲೆ ನಿಂತಿರಬೇಕಾದ ಜಾಗವಂತೂ ಅದಲ್ಲ.

ಡಿಸ್ಕಿನ ಒಳಗೆ ಏನು ನಡೆಯುತ್ತದೆಂಬುದನ್ನು ತಿಳಿದರೆ ಅದನ್ನು ನಿಭಾಯಿಸುವ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಮೂರೂವರೆ ಅಂಗುಲದ ಡಿಸ್ಕಿನಲ್ಲಿ ದತ್ತಾಂಶ ಬರೆಯಲಾಗುವ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ ಮತ್ತು ಓದು-ಬರಹದ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಯೇ ಎಬ್ಬಿಸಿದ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ವಿದ್ಯುತ್ ಕಡಿತಗೊಂಡರೆ ತಿರುಗುತ್ತಿರುವ ತಟ್ಟೆಯ ಶಕ್ತಿಯನ್ನೇ ಬಳಸಿಕೊಂಡು ಹೆಡ್ ತನ್ನ ತಂಗುದಾಣಕ್ಕೆ ಹಿಂದೆ ಸರಿಯುವ ವ್ಯವಸ್ಥೆ ಇದೆ ನಿಜ. ಆದರೆ ಹೆಡ್ ಸರಿದ ಮೇಲೂ ತಟ್ಟೆ ಪೂರ್ತಿ ನಿಲ್ಲಲು ಹಲವು ಸೆಕೆಂಡು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಡಾಕ್‌ನಿಂದ ಕಿತ್ತು ಮೇಜಿನ ಮೇಲೆ ಅಡ್ಡ ಮಲಗಿಸಿದರೆ ತಿರುಗುವ ತಟ್ಟೆ ತನ್ನ ದಿಕ್ಕು ಬದಲಾಗುವುದನ್ನು ವಿರೋಧಿಸುತ್ತದೆ, ಆ ಎಳೆದಾಟ ಬೇರಿಂಗ್ ಮೇಲೆ ಬೀಳುತ್ತದೆ. ಕೈ ಅದನ್ನು ವಿಚಿತ್ರವಾದ ತಿರುಚುವಿಕೆಯಾಗಿ ಅನುಭವಿಸುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಕಂಪ್ಯೂಟರಿನಲ್ಲಿ ಇಜೆಕ್ಟ್ ಮಾಡಿ, ಆಮೇಲೆ ಡಾಕ್‌ನ ಸ್ವಿಚ್ ಆರಿಸಿ, ಸದ್ದು ಅಡಗುವವರೆಗೆ ಅರ್ಧ ನಿಮಿಷ ಕಾದು, ಡಿಸ್ಕನ್ನು ಓರೆ ಮಾಡದೆ ನೆಟ್ಟಗೆ ಮೇಲಕ್ಕೆತ್ತಬೇಕು. ವಿಂಡೋಸ್ 10ರ 1809 ಎಂಬ ಆವೃತ್ತಿಯಿಂದೀಚೆಗೆ ಹೊರಗಿನ ಡಿಸ್ಕ್‌ಗಳಿಗೆ ಬರೆಯುವುದನ್ನು ಮೆಮೊರಿಯಲ್ಲಿ ಬಾಕಿ ಉಳಿಸಿಕೊಳ್ಳದ ವಿಧಾನವೇ ರೂಢಿಯಾಗಿದೆ, ಹಾಗಾಗಿ ಇಜೆಕ್ಟ್ ಬೇಡವೆಂದು ವಾದಿಸುವವರಿದ್ದಾರೆ. ಆದರೆ ಎಡಿಟಿಂಗ್ ಸಾಫ್ಟ್‌ವೇರ್ ಯಾವ ಫೈಲನ್ನು ಹಿಡಿದುಕೊಂಡಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಮ್ಯಾಕ್‌ನಲ್ಲಂತೂ ಈ ವಾದ ನಡೆಯುವುದೇ ಇಲ್ಲ.

ಕನೆಕ್ಟರಿನ ಆಯುಷ್ಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2003ರಲ್ಲಿ ಬಳಕೆಗೆ ಬಂದ ಸಾಟಾ ಮಾನದಂಡವು ಕ್ಯಾಬಿನೆಟ್ ಒಳಗಿನ ಸಾಮಾನ್ಯ ಕೇಬಲ್‌ಗೆ 50 ಬಾರಿ, ಡಿಸ್ಕನ್ನು ನೇರವಾಗಿ ಸಿಕ್ಕಿಸುವ ಬ್ಯಾಕ್‌ಪ್ಲೇನ್ ಬಗೆಯ ಕನೆಕ್ಟರಿಗೆ 500 ಬಾರಿ ಹಾಕಿ ತೆಗೆಯುವುದನ್ನು ಮಾತ್ರ ನಿರೀಕ್ಷಿಸುತ್ತದೆ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದಿಟ್ಟು, ಹೊರಕ್ಕೆ ಜೋತುಬಿಟ್ಟ ಕೇಬಲಿಗೆ ದಿನಕ್ಕೊಂದು ಡಿಸ್ಕ್ ಸಿಕ್ಕಿಸುವ ಅಭ್ಯಾಸ ಎಷ್ಟು ಬೇಗ ಸಡಿಲ ಸಂಪರ್ಕಕ್ಕೆ ಎಡೆಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಪ್ರತಿ ಡಿಸ್ಕಿನ ಕನೆಕ್ಟರ್ ವರ್ಷಕ್ಕೆ ಕೆಲವೇ ಬಾರಿ ಸವೆಯುತ್ತದೆ, ಆದರೆ ಡಾಕ್‌ನ ಕನೆಕ್ಟರ್ ಎಲ್ಲ ಡಿಸ್ಕ್‌ಗಳ ಸವೆತವನ್ನೂ ಒಂದೇ ಹೊರುತ್ತದೆ. ದಿನಕ್ಕೆ ಎರಡು ಬಾರಿ ಬಳಸುವ ಸ್ಟುಡಿಯೋ ಒಂದು ವರ್ಷದೊಳಗೇ 500ನ್ನು ದಾಟುತ್ತದೆ. ದಾಟಿದ ದಿನವೇ ಅದು ಕೆಡುವುದಿಲ್ಲ, ಆದರೂ ಡಾಕನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಸವೆಯುವ ವಸ್ತುವೆಂದೇ ಎಣಿಸುವುದು ಮೇಲು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಅಂಕಿ, ಅಂದರೆ ಸಾಗಣೆಯಲ್ಲಾದ ಸಿಆರ್‌ಸಿ ದೋಷಗಳ ಎಣಿಕೆ, ಏರುತ್ತಾ ಹೋದರೆ ಸಾಮಾನ್ಯವಾಗಿ ತಪ್ಪು ಸಂಪರ್ಕದ್ದೇ ಹೊರತು ತಟ್ಟೆಯದ್ದಲ್ಲ. 5, 197, 198ನೇ ಅಂಕಿಗಳು ಏರಿದರೆ ಮಾತ್ರ ತಟ್ಟೆಯೇ ಹಾಳಾಗುತ್ತಿದೆಯೆಂದು ತಿಳಿದು ಅಂದೇ ನಕಲು ಮಾಡಿಕೊಳ್ಳಬೇಕು.

ಈಗ ಹೇಳಬೇಕಾದ ತೊಡಕು ಎಲ್ಲಕ್ಕಿಂತ ಹೆಚ್ಚು ಗೊಂದಲ ತರುವಂಥದ್ದು, ಮತ್ತು ಸ್ಟುಡಿಯೋಗಳಲ್ಲಿ ಅತಿ ಕಡಿಮೆ ತಿಳಿದಿರುವಂಥದ್ದು. ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ಸಮಾನ ತುಣುಕುಗಳಾಗಿ ಎಣಿಸುತ್ತಾರೆ; ಬಹುಕಾಲ ಒಂದು ಸೆಕ್ಟರ್ ಎಂದರೆ 512 ಬೈಟ್. ಹಳೆಯ ಪದ್ಧತಿಯ ಡಾಕ್ ಚಿಪ್‌ಗಳು 32 ಬಿಟ್‌ನಲ್ಲಿ ಸೆಕ್ಟರ್ ಎಣಿಸುವುದರಿಂದ ಅವುಗಳ ಎಣಿಕೆ ಸುಮಾರು 2.2 ಟಿಬಿಗೆ ಮುಗಿದುಹೋಗುತ್ತದೆ, ಅದರಾಚೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 3 ಟಿಬಿ ಡಿಸ್ಕ್ ಹಳೆಯ ಡಾಕ್‌ನಲ್ಲಿ 746 ಜಿಬಿ ಎಂದು ಕಾಣುವುದು ಈ ಕಾರಣಕ್ಕೆ. ಹಾಗೆ ಕಂಡ ಡಿಸ್ಕಿಗೆ ಒಂದು ಫೈಲನ್ನೂ ಬರೆಯಬಾರದು. ಇದಕ್ಕೆ ಪರಿಹಾರವೆಂದು ಕೆಲವು ಡಾಕ್‌ಗಳ ಚಿಪ್‌ಗಳು ಎಂಟು ಸೆಕ್ಟರ್‌ಗಳನ್ನು ಸೇರಿಸಿ 4096 ಬೈಟ್‌ನ ಒಂದು ಸೆಕ್ಟರ್ ಎಂದು ಕಂಪ್ಯೂಟರಿಗೆ ಹೇಳುತ್ತವೆ. ಆ ಡಾಕ್‌ನಲ್ಲೇ ಫಾರ್ಮ್ಯಾಟ್ ಮಾಡಿದ ಡಿಸ್ಕಿನ ಪಾರ್ಟಿಷನ್ ಪಟ್ಟಿಯಲ್ಲಿ, ಅಂದರೆ ಯಾವ ಭಾಗ ಎಲ್ಲಿಂದ ಆರಂಭ ಎಂದು ಬರೆದಿಟ್ಟ ಪುಟ್ಟ ದಾಖಲೆಯಲ್ಲಿ, ಆರಂಭ 256ನೇ ಸೆಕ್ಟರ್ ಎಂದಿದೆಯೆಂದು ಇಟ್ಟುಕೊಳ್ಳಬಹುದು. ಆ ಡಾಕ್‌ನ ಲೆಕ್ಕದಲ್ಲಿ ಅದು 10,48,576ನೇ ಬೈಟ್. ಅದೇ ಡಿಸ್ಕನ್ನು ಕ್ಯಾಬಿನೆಟ್‌ನ ಬೇಗೆ ಅಥವಾ ಬೇರೆ ಡಾಕ್‌ಗೆ ಹಾಕಿದಾಗ 512ರ ಲೆಕ್ಕದಲ್ಲಿ ಅದು 1,31,072ನೇ ಬೈಟ್ ಆಗಿಬಿಡುತ್ತದೆ, ಅಲ್ಲಿ ಏನೂ ಇರುವುದಿಲ್ಲ. ವಿಂಡೋಸ್ ಆಗ ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕೇ, ಫಾರ್ಮ್ಯಾಟ್ ಮಾಡಬೇಕೇ ಎಂದು ಬಹಳ ವಿನಯದಿಂದ ಕೇಳುತ್ತದೆ, ಅವಸರದಲ್ಲಿರುವ ಸಹಾಯಕನು ಹೌದೆಂದು ಒತ್ತಿಬಿಡುತ್ತಾನೆ. ಒಂದು ಮದುವೆಯೂ ಕಳೆದುಹೋಗದೆ ಇದ್ದ ಡಿಸ್ಕ್ ನಿಜವಾಗಿ ಕೆಡುವುದು ಆ ಕ್ಷಣದಲ್ಲಿ.

ಆ ಪ್ರಶ್ನೆಗೆ ಸ್ಟುಡಿಯೋದಲ್ಲಿ ಸದಾ ಒಂದೇ ಉತ್ತರವಿರಬೇಕು: ಬೇಡ. ಮೊದಲು ಬಳಸುತ್ತಿದ್ದ ಡಾಕ್‌ಗೇ ಡಿಸ್ಕನ್ನು ಮರಳಿ ಹಾಕಿ ನೋಡಿ, ತೆರೆದುಕೊಂಡರೆ ದತ್ತಾಂಶವನ್ನು ಬೇರೆಡೆಗೆ ನಕಲಿಸಿಕೊಂಡು, ನಂತರವೇ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಹೊಸ ಡಿಸ್ಕ್‌ಗಳನ್ನು ಸಾಧ್ಯವಾದ ಮಟ್ಟಿಗೆ ನೇರ ಸಾಟಾ ಸಂಪರ್ಕದಲ್ಲಿ, ದೊಡ್ಡ ಡಿಸ್ಕ್‌ಗಳಿಗೆಂದೇ ಇರುವ ಜಿಪಿಟಿ ಎಂಬ ಪಾರ್ಟಿಷನ್ ಪದ್ಧತಿಯಲ್ಲಿ ಸಿದ್ಧಪಡಿಸಿ, ಮೊದಲ ಮದುವೆಯನ್ನು ಅದಕ್ಕೆ ತುಂಬುವ ಮುನ್ನ ಸ್ಟುಡಿಯೋದಲ್ಲಿರುವ ಎಲ್ಲ ಡಾಕ್‌ಗಳಲ್ಲೂ ಬೇಗಳಲ್ಲೂ ಒಮ್ಮೆ ತೆರೆದು ನೋಡುವುದು ಹತ್ತು ನಿಮಿಷದ ಕೆಲಸ.

ಎರಡು ಡಿಸ್ಕ್ ಹಿಡಿಸುವ ಡಾಕ್‌ಗಳಲ್ಲಿ ಹಲವಕ್ಕೆ ಕ್ಲೋನ್ ಎಂಬ ಗುಂಡಿ ಇರುತ್ತದೆ. ಕಂಪ್ಯೂಟರ್ ಇಲ್ಲದೆಯೇ ಒಂದು ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ ಇನ್ನೊಂದಕ್ಕೆ ನಕಲಿಸುವುದು ಅದರ ಕೆಲಸ. ಈ ಗುಂಡಿಯ ಮೇಲೆ ಟೇಪ್ ಅಂಟಿಸಿಬಿಡುವುದು ಲೇಸೆಂದು ಈ ಪತ್ರ ಸಂಕೋಚವಿಲ್ಲದೆ ಹೇಳುತ್ತದೆ. ಯಾವ ಕಿಂಡಿ ಮೂಲ, ಯಾವುದು ಗುರಿ ಎಂಬುದನ್ನು ಪ್ಲಾಸ್ಟಿಕ್ ಮೇಲೆ ಕಂಡೂ ಕಾಣದಂತೆ ಅಚ್ಚು ಹಾಕಿರುತ್ತಾರೆ. ಅದಲುಬದಲಾದರೆ ಖಾಲಿ ಡಿಸ್ಕಿನ ಖಾಲಿತನವೇ ತುಂಬಿದ ಡಿಸ್ಕಿನ ಮೇಲೆ ನಿಷ್ಠೆಯಿಂದ ನಕಲಾಗುತ್ತದೆ, ಅದನ್ನು ತಡೆದು ಕೇಳುವ ಪರದೆಯೂ ಇರುವುದಿಲ್ಲ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿಯ ಡಿಸ್ಕ್ ಪೂರ್ತಿ ನಕಲಾಗಲು ಏಳು ಗಂಟೆಗೂ ಮೀರಿ ಹಿಡಿಯುತ್ತದೆ, ಡಿಸ್ಕಿನಲ್ಲಿ ಒಂದೇ ಮದುವೆಯಿದ್ದರೂ ಅಷ್ಟೇ ಹೊತ್ತು. ಮುಗಿದ ಮೇಲೆ ಎರಡೂ ಡಿಸ್ಕ್‌ಗಳ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ, ಎರಡನ್ನೂ ಒಟ್ಟಿಗೆ ಜೋಡಿಸಿದಾಗ ವಿಂಡೋಸ್ ಒಂದನ್ನು ಆಫ್‌ಲೈನ್ ಎಂದು ಬದಿಗಿಡುತ್ತದೆ. ಇದರ ಬದಲು ಕಂಪ್ಯೂಟರಿನ ಮೂಲಕ, ನಕಲಿಸಿದ ಮೇಲೆ ಎರಡೂ ಕಡೆಯ ಫೈಲುಗಳನ್ನು ಮತ್ತೆ ಓದಿ ಹೋಲಿಸುವ ಟೆರಾಕಾಪಿಯಂಥ ಸಾಫ್ಟ್‌ವೇರ್‌ನಿಂದ ಪ್ರತಿ ಮಾಡಬೇಕು. ಹೋಲಿಸಲು ಬಳಸುವ ಚೆಕ್‌ಸಮ್ ಎಂದರೆ ಫೈಲಿನ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ. ಒಂದು ಬಿಟ್ ವ್ಯತ್ಯಾಸವಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಎರಡು ಡಿಸ್ಕ್‌ಗಳಲ್ಲಿಯೂ ಈ ಪರಿಶೀಲನೆ ಮುಗಿಯುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಬಾರದು.

ವೇಗದ ವಿಷಯ ಚಿಕ್ಕದು. ಹಾರ್ಡ್‌ಡಿಸ್ಕಿನ ಸ್ವಂತ ವೇಗವೇ ಸೆಕೆಂಡಿಗೆ 150ರಿಂದ 250 ಎಂಬಿ ಇರುವುದರಿಂದ ಯುಎಸ್‌ಬಿ 3.0 ಡಾಕ್ ಸಾಕಾಗುತ್ತದೆ. ಆದರೆ ಅದನ್ನು ಹಳೆಯ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರೆ ವೇಗ 35 ಎಂಬಿ ಆಸುಪಾಸಿಗೆ ಇಳಿದು, ಏಳು ಗಂಟೆಯ ಕೆಲಸ ಮೂವತ್ತು ಗಂಟೆ ದಾಟುತ್ತದೆ. ಹೊಸ ಡಿಸ್ಕ್‌ಗಳಲ್ಲಿ ಕೆಲವು, ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಪಥಗಳಲ್ಲಿ ಬರೆಯುವ ಎಸ್‌ಎಂಆರ್ ಬಗೆಯವು. ಒಮ್ಮೆ ತುಂಬಿ ಎತ್ತಿಡಲು ಅವು ಸಾಕು, ಪದೇ ಪದೇ ಅಳಿಸಿ ಬರೆಯುವ ಎಡಿಟಿಂಗ್ ಕೆಲಸಕ್ಕೆ ಬೇಡ.

ವಿದ್ಯುತ್ತಿನ ಕಡೆಯ ಅಜಾಗರೂಕತೆ ಹೆಚ್ಚು ದುಬಾರಿಯಾದದ್ದು. ಮೂರೂವರೆ ಅಂಗುಲದ ಡಿಸ್ಕಿಗೆ 5 ಮತ್ತು 12 ವೋಲ್ಟ್ ಎರಡೂ ಬೇಕು. ತಟ್ಟೆ ನಿಂತಲ್ಲಿಂದ ತಿರುಗತೊಡಗುವಾಗ 12 ವೋಲ್ಟಿನಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಡಾಕ್‌ನ ಅಡಾಪ್ಟರ್ ಕಳೆದುಹೋದಾಗ ಸೆಟ್‌ಟಾಪ್ ಬಾಕ್ಸಿನದೋ ರೌಟರಿನದೋ ಅಡಾಪ್ಟರ್ ಹಾಕುವುದು ರೂಢಿ, ಏಕೆಂದರೆ ಪಿನ್ ಕೂರುತ್ತದೆ. 1 ಆಂಪಿಯರ್‌ನ ಆ ಅಡಾಪ್ಟರಿನಲ್ಲಿ ಡಿಸ್ಕ್ ತಿರುಗಲು ಹೊರಟು, ಸಾಲದೆ ನಿಂತು, ಟಕ್ ಎಂದು ಮತ್ತೆ ಹೊರಡುತ್ತದೆ, ಅದನ್ನು ಕೇಳಿದವರು ಡಿಸ್ಕ್ ಹೋಯಿತೆಂದು ನಂಬುತ್ತಾರೆ. 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಕೂತರಂತೂ ಡಿಸ್ಕ್ ನಿಜವಾಗಿಯೇ ಹೋಗಬಹುದು. ಅಡಾಪ್ಟರಿನ ಮೇಲೆ ಡಾಕ್ ಎಂದು ಮಾರ್ಕರಿನಲ್ಲಿ ಬರೆದಿಡುವುದರಿಂದ ಎಷ್ಟೋ ಅನಾಹುತ ತಪ್ಪುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇದ್ದು ಡಾಕ್ ಮಾತ್ರ ಗೋಡೆಯ ಪ್ಲಗ್‌ನಲ್ಲಿರುವುದು ಇನ್ನೊಂದು ಸಾಮಾನ್ಯ ದೃಶ್ಯ: ಕರೆಂಟು ಹೋದಾಗ ಕಂಪ್ಯೂಟರ್ ಉಳಿಯುತ್ತದೆ, ಬರೆಯುತ್ತಿದ್ದ ಡಿಸ್ಕ್ ನಡುವೆಯೇ ನಿಲ್ಲುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯ ದಿನಗಳಲ್ಲಿ ಮೂಲವನ್ನೂ ಪ್ರತಿಯನ್ನೂ ಒಂದೇ ಡಾಕ್‌ನಲ್ಲಿ ರಾತ್ರಿಯಿಡೀ ಬಿಟ್ಟು ಮನೆಗೆ ಹೋಗುವವರು ಎರಡು ಪ್ರತಿಗಳನ್ನು ಇಟ್ಟುಕೊಂಡಿಲ್ಲ, ಒಂದೇ ಸಿಡಿಲಿಗೆ ಎರಡನ್ನೂ ಒಡ್ಡಿದ್ದಾರೆ.

ದಿನವೂ ಬಳಸುವ ಡಿಸ್ಕ್‌ಗಳಿಗೆ ಬೇ ಹೆಚ್ಚು ಯೋಗ್ಯ, ಏಕೆಂದರೆ ಅದು ಕ್ಯಾಬಿನೆಟ್‌ನ ವಿದ್ಯುತ್ತನ್ನೇ ಬಳಸುತ್ತದೆ, ಕೈ ತಗುಲಿ ಉರುಳುವುದಿಲ್ಲ, ಒಳ್ಳೆಯ ಮಾದರಿಗಳಲ್ಲಿ ಡಿಸ್ಕಿಗೆ ಗಾಳಿ ಹೊಡೆಯುವ ಫ್ಯಾನ್ ಇರುತ್ತದೆ. ಡಾಕ್‌ನಲ್ಲಿ ಅರ್ಧ ಮೈ ಹೊರಗಿಟ್ಟು ನಿಂತ ಡಿಸ್ಕ್ ಗಂಟೆಗಟ್ಟಲೆ ನಕಲಿಸುವಾಗ, ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ, ತಯಾರಕರು ಹೇಳುವ 60 ಡಿಗ್ರಿ ಸೆಲ್ಸಿಯಸ್ ಮಿತಿಯ ಹತ್ತಿರಕ್ಕೆ ಹೋಗಬಲ್ಲದು; ಪಕ್ಕಕ್ಕೊಂದು ಟೇಬಲ್ ಫ್ಯಾನ್ ಇಟ್ಟರೆ ಸಾಕು. ಕಂಪ್ಯೂಟರ್ ಆರಿಸದೆಯೇ ಬೇಯಲ್ಲಿ ಡಿಸ್ಕ್ ಬದಲಿಸಬೇಕಾದರೆ ಬಯಾಸ್‌ನಲ್ಲಿ ಎಎಚ್‌ಸಿಐ ಮತ್ತು ಹಾಟ್‌ಪ್ಲಗ್ ಆಯ್ಕೆಗಳು ಚಾಲೂ ಇರಬೇಕು. ಹೊಸ ದೊಡ್ಡ ಡಿಸ್ಕ್ ಡಾಕ್‌ನಲ್ಲಿ ನಡೆದು ಬೇಯಲ್ಲಿ ಮಿಸುಕದೇ ಇದ್ದರೆ ಕಾರಣ ವಿದ್ಯುತ್ ಕನೆಕ್ಟರಿನ ಮೂರನೇ ಪಿನ್ ಇರಬಹುದು: ಹಿಂದೆ 3.3 ವೋಲ್ಟ್ ಬರುತ್ತಿದ್ದ ಆ ಪಿನ್ನನ್ನು ಹೊಸ ಮಾನದಂಡವು ಡಿಸ್ಕನ್ನು ಆರಿಸುವ ಸಂಕೇತಕ್ಕೆ ಬಳಸುವುದರಿಂದ, ಹಳೆಯ ಪವರ್ ಸಪ್ಲೈ ತನಗರಿವಿಲ್ಲದೆ ಡಿಸ್ಕನ್ನು ಆರಿಸಿಯೇ ಇಟ್ಟಿರುತ್ತದೆ.

ಕಪಾಟಿನಲ್ಲಿಡುವಾಗ ಬರಿಯ ಡಿಸ್ಕಿಗೆ ತನ್ನದೇ ಆದ ರಕ್ಷಣೆ ಬೇಕು. ಅದರ ಅಡಿಯ ಬೋರ್ಡ್ ತೆರೆದಿರುವುದರಿಂದ ಅಂಚುಗಳನ್ನಷ್ಟೇ ಹಿಡಿದು, ಸ್ಥಾಯೀವಿದ್ಯುತ್ ತಡೆಯುವ ಚೀಲಕ್ಕೆ ಹಾಕಿ, ಡಿಸ್ಕಿಗೆಂದೇ ಸಿಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಕು; ಕರಾವಳಿ, ಮಲೆನಾಡಿನ ಸ್ಟುಡಿಯೋಗಳು ಲೆನ್ಸ್‌ಗಳಿಗೆ ಬಳಸುವ ಸಿಲಿಕಾ ಜೆಲ್ ಪೊಟ್ಟಣಗಳನ್ನೇ ಇವುಗಳ ಜೊತೆಗೂ ಇಡಬಹುದು. ಎಸಿ ಕೋಣೆಯಿಂದ ಮಳೆಗಾಲದ ಹೊರಗಾಳಿಗೆ ಬಂದ ಡಿಸ್ಕನ್ನು ಕೆಲವು ಗಂಟೆ ಚೀಲದಲ್ಲೇ ಬಿಟ್ಟು ಆಮೇಲೆ ಡಾಕ್‌ಗೆ ಹಾಕಬೇಕು. ಹೀಲಿಯಂ ತುಂಬಿದ ಮಾದರಿಗಳನ್ನು ಬಿಟ್ಟರೆ ಎಲ್ಲ ಡಿಸ್ಕ್‌ಗಳಲ್ಲೂ ಒಳಗಿನ ಒತ್ತಡ ಸಮವಾಗಿಸುವ ಸಣ್ಣ ರಂಧ್ರವೊಂದಿರುತ್ತದೆ, ಮುಚ್ಚಬೇಡಿ ಎಂದು ಅದರ ಪಕ್ಕದಲ್ಲಿ ಬರೆದಿರುವುದೂ ಉಂಟು. ಆದರೂ ಮದುಮಕ್ಕಳ ಹೆಸರಿನ ಸ್ಟಿಕ್ಕರ್ ಅದರ ಮೇಲೆಯೇ ಹೋಗಿ ಅಂಟುತ್ತದೆ. ಹೆಸರು ಬರೆಯಲು ಸರಿಯಾದ ಜಾಗ ಕನೆಕ್ಟರಿಗೆ ಎದುರಿನ ಅಂಚು, ಏಕೆಂದರೆ ಡಾಕ್‌ನಲ್ಲಿ ನಿಂತಾಗಲೂ ಡಬ್ಬಿಯಲ್ಲಿದ್ದಾಗಲೂ ಕಾಣುವುದು ಅದೇ. ಡಿಸ್ಕಿನ ಸೀರಿಯಲ್ ಸಂಖ್ಯೆ, ಕೊಂಡ ದಿನ, ಒಳಗಿನ ಕಾರ್ಯಕ್ರಮಗಳು ಮತ್ತು ಅದರ ಜೋಡಿ ಎಲ್ಲಿದೆಯೆಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ಯಾವ ಸಾಫ್ಟ್‌ವೇರಿಗಿಂತಲೂ ಕಡಿಮೆಯಲ್ಲ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಪ್ರಚುರಪಡಿಸಿದವರು ಎಂಜಿನಿಯರ್ ಅಲ್ಲ, ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು; ಎಂದರೆ ಇದು ಈ ವೃತ್ತಿಯೊಳಗಿಂದಲೇ ಹುಟ್ಟಿದ ತಿಳಿವಳಿಕೆ. ಸಣ್ಣ ಸ್ಟುಡಿಯೋಗೆ ಮೂರು ಹೊರೆಯೆನಿಸಿದರೆ ಎರಡಾದರೂ ಇರಲಿ: ಎರಡು ಬೇರೆ ಬೇರೆ ತಯಾರಕರ ಡಿಸ್ಕ್‌ಗಳು, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮಾಲೀಕರ ಮನೆಯಲ್ಲಿ. ವಧೂವರರಿಗೆ ಕೊಟ್ಟ ಪೆನ್‌ಡ್ರೈವನ್ನು ಪ್ರತಿಯೆಂದು ಎಣಿಸುವಂತಿಲ್ಲ, ಅದರಲ್ಲಿರುವುದು ಮುಗಿಸಿದ ಚಿತ್ರವೇ ಹೊರತು ಮೂಲ ದೃಶ್ಯಗಳಲ್ಲ. ಎಷ್ಟು ವರ್ಷ ಇಟ್ಟುಕೊಳ್ಳಲಾಗುತ್ತದೆಂಬುದನ್ನು ಬುಕಿಂಗ್ ರಸೀದಿಯ ಮೇಲೆಯೇ ಅಚ್ಚು ಹಾಕಿಸುವುದೂ ಅಗತ್ಯ. ಹಾಗಿಲ್ಲದಿರುವುದರಿಂದಲೇ ಮಗುವಿನ ನಾಮಕರಣಕ್ಕೆ ಬಂದವರು ಮದುವೆಯ ದೃಶ್ಯಗಳನ್ನು ಕೇಳಿದಾಗ ಎರಡೂ ಕಡೆಯವರಿಗೆ ಮುಜುಗರವಾಗುತ್ತದೆ.

ಆಷಾಢದಲ್ಲಿ ಮುಹೂರ್ತಗಳಿರುವುದಿಲ್ಲ, ಕ್ಯಾಮೆರಾಗಳು ಸರ್ವೀಸಿಗೆ ಹೋಗುತ್ತವೆ, ಎಡಿಟರ್‌ಗಳಿಗೆ ಬಿಡುವು ಸಿಗುತ್ತದೆ. ಈ ಸಲದ ಆಷಾಢದಲ್ಲಿ ತಾವೆಲ್ಲರೂ ಕಪಾಟಿನಲ್ಲಿರುವ ಅತಿ ಹಳೆಯ ಡಿಸ್ಕಿನಿಂದ ಆರಂಭಿಸಿ, ದಿನಕ್ಕೆ ಒಂದರಂತೆ ಡಾಕ್‌ಗೆ ಹಾಕಿ ತೆರೆದು, ಜೋಡಿಯಿಲ್ಲದ್ದಕ್ಕೆ ಜೋಡಿ ಮಾಡಿಸಿ, ಆ ಜೋಡಿಯನ್ನು ಶ್ರಾವಣ ಬರುವ ಮೊದಲೇ ಸ್ಟುಡಿಯೋದಿಂದ ಬೇರೊಂದು ಸ್ಥಳಕ್ಕೆ ಸಾಗಿಸಬೇಕೆಂದು ವಿನಂತಿ.

ಇತಿ,
ಸ್ಟುಡಿಯೋಗಳ ಒಬ್ಬ ಹಿತೈಷಿ